ಬಿಡಲೊಲ್ಲದ ಬ್ರೇಕು

ಮಳೆಗಾಲದ ಒಂದು ಬೆಳಿಗ್ಗೆ ಶಿರಸಿಯ ಯಾವುದಾದರೂ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ಇಂಥದೊಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಗಾಡಿ ಎಳೀತಾನೇ ಇಲ್ಲ ಮಾರಾಯ. ಸಣ್ಣ ಏರು ಬಂದ್ರೂ ಗೇರು ಇಳಿಸಬೇಕು. ಎಂಜಿನ್ನೇ ಹೋಯ್ತೋ ಏನೋ!”

ಪ್ಲಗ್ ಬದಲಾಗುತ್ತದೆ, ಏರ್ ಫಿಲ್ಟರ್ ಕೊಡವಿ ಹಾಕಲಾಗುತ್ತದೆ, ಕ್ಲಚ್ ಪ್ಲೇಟಿನ ಮೇಲೂ ಅನುಮಾನ ಹೋಗುತ್ತದೆ. ಎರಡು ದಿನದ ಬಾಡಿಗೆ ಕೈತಪ್ಪುತ್ತದೆ. ಕೊನೆಗೆ ನೋಡಿದರೆ ಎಂಜಿನ್ನಿನ ತಪ್ಪು ಏನೂ ಇಲ್ಲ. ಹಿಂದಿನ ಒಂದು ಚಕ್ರದ ಬ್ರೇಕು ಚಾಲಕ ಕಾಲು ತೆಗೆದ ಮೇಲೂ ಡ್ರಮ್ಮನ್ನು ಹಿಡಿದುಕೊಂಡೇ ಇದೆ! ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಬ್ರೇಕ್ ಹಿಡಿಯುವುದು’ ಎನ್ನುತ್ತಾರೆ.

ಬ್ರೇಕು ಹಿಡಿಯದಿದ್ದರೆ ಎಲ್ಲರಿಗೂ ಭಯ. ಬ್ರೇಕು ಬಿಡದಿದ್ದರೆ ಮಾತ್ರ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಘಟ್ಟದ ಊರುಗಳಲ್ಲಿ ಎರಡನೆಯದೂ ಮೊದಲನೆಯದರಷ್ಟೇ ಅಪಾಯಕಾರಿ. ಹೇಗೆಂದರೆ, ಬಿಡದ ಬ್ರೇಕೇ ಒಂದು ದಿನ ಹಿಡಿಯದ ಬ್ರೇಕಾಗಿ ಬದಲಾಗಬಲ್ಲದು.

ಶಾಖದ ಲೆಕ್ಕ

ಇಟಲಿಯಲ್ಲಿ 1946ರಲ್ಲಿ ಬಂದ ವೆಸ್ಪಾ ಸ್ಕೂಟರಿಗೆ ಎರಡೇ ವರ್ಷದಲ್ಲಿ ‘ಆಪೆ’ ಎಂಬ ಮೂರು ಚಕ್ರದ ತಮ್ಮ ಹುಟ್ಟಿದ. ನಮ್ಮಲ್ಲಿ 1959ರಲ್ಲಿ ಬಜಾಜ್ ಸಂಸ್ಥೆಗೆ ಸ್ಕೂಟರು ಮತ್ತು ಮೂರು ಚಕ್ರದ ವಾಹನ ತಯಾರಿಸುವ ಪರವಾನಗಿ ಸಿಕ್ಕಿತು. ಹೀಗೆ ಸ್ಕೂಟರಿನ ವಂಶದಲ್ಲಿ ಹುಟ್ಟಿದ ರಿಕ್ಷಾ ಇಂದು ಮಲೆನಾಡಿನಲ್ಲಿ ಅಡಿಕೆ ಚೀಲ ಹೊರುತ್ತದೆ, ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುತ್ತದೆ, ತೋಟದ ಕಣಿವೆಗೆ ಇಳಿದು ಮತ್ತೆ ಏರುತ್ತದೆ.

ಬ್ರೇಕಿನ ಕೆಲಸವೆಂದರೆ ಚಲನೆಯನ್ನು ಶಾಖವಾಗಿ ಬದಲಿಸುವುದು, ಅಷ್ಟೇ. ಸವಾರಿ, ಸರಕು ಎಲ್ಲ ಸೇರಿ ರಿಕ್ಷಾದ ತೂಕ 600 ಕಿಲೋ ಎಂದಿಟ್ಟುಕೊಳ್ಳಿ. ಅದು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 29 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಅಷ್ಟು ಶಾಖ ಸಾಕು. ಇದರಲ್ಲಿ ಒಂದು ಪಾಲನ್ನು ಗಾಳಿ, ಒಂದು ಪಾಲನ್ನು ಕಡಿಮೆ ಗೇರಿನಲ್ಲಿರುವ ಎಂಜಿನ್ ನುಂಗುತ್ತವೆ. ಉಳಿದದ್ದನ್ನು ಮೂರು ಪುಟ್ಟ ಡ್ರಮ್ಮುಗಳೇ ತಾಳಿಕೊಳ್ಳಬೇಕು.

ಇನ್ನು ಸಮತಟ್ಟಾದ ರಸ್ತೆಯಲ್ಲಿ ಬ್ರೇಕು ಸುಮ್ಮನೆ ಹಿಡಿದುಕೊಂಡಿದ್ದರೆ? ಐದು ಕಿಲೋ ತೂಕದಷ್ಟು ಬಲ, ಅಂದರೆ 50 ನ್ಯೂಟನ್, ಹಿಂದಕ್ಕೆ ಎಳೆಯುತ್ತಿದೆ ಎನ್ನೋಣ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಇದು 500 ವಾಟ್. ಅಂದರೆ ಚಕ್ರದೊಳಗೆ ಒಂದು ಸಣ್ಣ ಕರೆಂಟ್ ಒಲೆ ಹಚ್ಚಿಟ್ಟಂತೆ! ನೂರು ಕಿ.ಮೀ. ಓಡಿದರೆ 50 ಲಕ್ಷ ಜೂಲ್ ವ್ಯರ್ಥ. ಪೆಟ್ರೋಲಿನ ಶಕ್ತಿಯಲ್ಲಿ ಐದನೇ ಒಂದು ಪಾಲು ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿದರೆ, ಮುಕ್ಕಾಲು ಲೀಟರಿಗೂ ಹೆಚ್ಚು ಪೆಟ್ರೋಲು ಬರಿದೇ ಬಿಸಿಯಾಗಿ ಹೋಯಿತು. ಈಗ ಬಂದಿರುವ ಬ್ಯಾಟರಿ ರಿಕ್ಷಾಗಳಿಗೂ ಇದೇ ನಿಯಮ. ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ ಕಡಿಮೆಯಾದಾಗ ಬ್ಯಾಟರಿಯನ್ನು ದೂರುವ ಮೊದಲು ಚಕ್ರ ತಿರುಗಿಸಿ ನೋಡುವುದು ಒಳ್ಳೆಯದು.

ಯಾವ ಚಕ್ರ?

ವೈದ್ಯರು ನಾಡಿ ಹಿಡಿಯುವಂತೆ ಇಲ್ಲಿಯೂ ಒಂದು ಕ್ರಮವಿದೆ. ಮೊದಲು ಟೈರಿನ ಗಾಳಿ ಸರಿಯಿದೆಯೇ ನೋಡಬೇಕು. ಗಾಳಿ ಕಡಿಮೆಯಾದ ಚಕ್ರವೂ ಗಾಡಿಯನ್ನು ಹೀಗೆಯೇ ಎಳೆಯುತ್ತದೆ. ಆಮೇಲೆ ವಾಹನ ಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗಿ, ನ್ಯೂಟ್ರಲ್ಲಿಗೆ ತಂದು ಬಿಡಬೇಕು. ಗಾಡಿ ತಾನಾಗಿ ಉರುಳದೆ ಬೇಗ ನಿಂತರೆ, ಅಥವಾ ಹ್ಯಾಂಡಲ್ ಒಂದೇ ಕಡೆ ಎಳೆದರೆ ಬ್ರೇಕಿನ ಮೇಲೆ ಅನುಮಾನಪಡಬಹುದು.

ನಾಲ್ಕೈದು ಕಿ.ಮೀ. ಆದಷ್ಟು ಬ್ರೇಕ್ ಒತ್ತದೆ ಓಡಿಸಿ ನಿಲ್ಲಿಸಿದರೆ, ಅಪರಾಧಿ ಚಕ್ರ ತಾನಾಗಿ ಸಿಕ್ಕಿಬೀಳುತ್ತದೆ. ಡ್ರಮ್ಮನ್ನು ಮುಟ್ಟಬಾರದು, ಕೈ ಸುಟ್ಟೀತು. ಹತ್ತಿರ ಕೈ ಹಿಡಿದರೆ ಸಾಕು. ಎರಡು ಚಕ್ರ ಬೆಚ್ಚಗಿದ್ದು ಒಂದು ಮಾತ್ರ ಕಾಯ್ದ ಕಾವಲಿಯಂತಿದ್ದರೆ ದೋಷ ಅಲ್ಲಿದೆ. ಮೂರೂ ಬಿಸಿಯಾಗಿದ್ದರೆ ದೋಷ ಚಕ್ರದಲ್ಲಲ್ಲ, ಪೆಡಲಿನ ಬುಡದಲ್ಲಿದೆ.

ಒಂದು ಸ್ಕ್ರೂ ಹೇಳುವ ಸತ್ಯ

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಎಣ್ಣೆಯ ಮೇಲೆ ಬೀಳುವ ಒತ್ತಡ, ಹದಿನೇಳನೇ ಶತಮಾನದ ಪ್ಯಾಸ್ಕಲ್ ಹೇಳಿದ ನಿಯಮದಂತೆ, ಕೊಳವೆಗಳ ಮೂಲಕ ಮೂರೂ ಚಕ್ರಕ್ಕೆ ಹೋಗಿ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಶೂಗಳನ್ನು ಹಿಂದಕ್ಕೆ ಎಳೆಯುತ್ತದೆ, ಎಣ್ಣೆ ಮರಳಿ ಡಬ್ಬಿಗೆ ಸೇರುತ್ತದೆ. ಆದ್ದರಿಂದ ಬ್ರೇಕು ಬಿಡದಿರುವುದಕ್ಕೆ ಎರಡೇ ಮೂಲ: ಎಣ್ಣೆ ಮರಳುತ್ತಿಲ್ಲ, ಇಲ್ಲವೇ ಶೂ ಮರಳುತ್ತಿಲ್ಲ.

ಇವೆರಡರಲ್ಲಿ ಯಾವುದು ಎಂದು ತಿಳಿಯಲು ಯಾವ ದುಬಾರಿ ಯಂತ್ರವೂ ಬೇಡ. ಗಾಡಿ ಉರುಳದಂತೆ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಜಾಕ್ ಕೊಟ್ಟು ಆ ಚಕ್ರವನ್ನು ಎತ್ತಬೇಕು. ನ್ಯೂಟ್ರಲ್‌ನಲ್ಲಿ ಅದನ್ನು ಕೈಯಿಂದ ತಿರುಗಿಸಬೇಕು. ಬಿಗಿಯಾಗಿದ್ದರೆ ಚಕ್ರದ ಹಿಂಬದಿಯ ಬ್ಲೀಡಿಂಗ್ ಸ್ಕ್ರೂವನ್ನು ಸ್ವಲ್ಪ ಸಡಿಲಿಸಬೇಕು. ಎಣ್ಣೆ ಚಿಮ್ಮಿ ಚಕ್ರ ಹಗುರವಾಗಿ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದರ್ಥ. ಸ್ಕ್ರೂ ಸಡಿಲಿಸಿದರೂ ಬಿಗಿ ಹಾಗೇ ಇದ್ದರೆ ಡ್ರಮ್ ಬಿಚ್ಚಲೇಬೇಕು.

ಒತ್ತಡ ಸಿಕ್ಕಿಕೊಂಡಿದ್ದು ಒಂದೇ ಚಕ್ರದಲ್ಲಾದರೆ ಅಲ್ಲಿಗೆ ಹೋಗುವ ರಬ್ಬರ್ ಹೋಸ್ ನೋಡಬೇಕು. ಹೊರಗೆ ಹೊಸದರಂತಿದ್ದರೂ ಒಳಪದರ ಉಬ್ಬಿ, ಒತ್ತಿದ ಎಣ್ಣೆಯನ್ನು ಒಳಗೆ ಬಿಟ್ಟು ಹೊರಗೆ ಬಿಡದ ಕವಾಟದಂತೆ ಅದು ವರ್ತಿಸುತ್ತದೆ. ಮೂರೂ ಚಕ್ರ ಹಿಡಿದಿದ್ದರೆ ಪೆಡಲಿಗೆ ತುಸುವಾದರೂ ಸಡಿಲು ಇದೆಯೇ ನೋಡಬೇಕು. ಸಡಿಲು ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಎಣ್ಣೆ ಮರಳುವ ಸಣ್ಣ ರಂಧ್ರ ತೆರೆಯುವುದಿಲ್ಲ. ಕಸ ಕೂತು ಆ ರಂಧ್ರ ಮುಚ್ಚಿದರೂ ಅದೇ ಫಲ. ಆಗ ಬಿಸಿಯಾದ ಎಣ್ಣೆ ಹಿಗ್ಗುತ್ತದೆ, ಶೂ ಇನ್ನಷ್ಟು ಒತ್ತುತ್ತದೆ, ಎಣ್ಣೆ ಇನ್ನಷ್ಟು ಬಿಸಿಯಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಗಾಡಿ ಮಧ್ಯಾಹ್ನ ನಿಂತಲ್ಲೇ ನಿಲ್ಲುವುದು ಹೀಗೆ.

ಮಳೆ ಮತ್ತು ತಪ್ಪು ಎಣ್ಣೆ

ದೋಷ ಡ್ರಮ್ಮಿನೊಳಗಿದ್ದರೆ ನಮ್ಮ ಕಡೆ ಮೊದಲು ನೆನಪಾಗಬೇಕಾದದ್ದು ಮಳೆ. ಕೆಂಪು ಮಣ್ಣಿನ ರಾಡಿ ಒಳಹೊಕ್ಕು ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿಯುತ್ತದೆ, ಸ್ಪ್ರಿಂಗು ಸೋಲುತ್ತದೆ, ಹ್ಯಾಂಡ್ ಬ್ರೇಕಿನ ಕೇಬಲ್ ಕೊಳವೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಷಾಢದಲ್ಲಿ ನಾಲ್ಕು ದಿನ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ರಿಕ್ಷಾದ ಶೂ ಡ್ರಮ್ಮಿಗೆ ಅಂಟಿಕೊಳ್ಳುವುದೂ ಉಂಟು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಪದ್ಧತಿಯೇ ಇಲ್ಲಿ ಲೇಸು.

ಬ್ರೇಕ್ ಎಣ್ಣೆಗೂ ಒಂದು ಗುಣವಿದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ನೀರು ಹೀರಿದ ಮೇಲಿನ ಮಿತಿ 140 ಡಿಗ್ರಿ ಮಾತ್ರ. ಇದಕ್ಕಿಂತ ಕೆಟ್ಟದ್ದು, ಕೈಗೆ ಸಿಕ್ಕ ಎಂಜಿನ್ ಆಯಿಲನ್ನು ಡಬ್ಬಿಗೆ ಸುರಿಯುವುದು, ರಬ್ಬರನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು. ರಬ್ಬರ್ ಕಪ್ಪುಗಳು ಉಬ್ಬಿ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತವೆ. ಎಂಜಿನ್ ಆಯಿಲ್ ಸೇರಿದ ಮೇಲೆ ಎಲ್ಲ ರಬ್ಬರ್ ಬದಲಿಸಿ, ಕೊಳವೆ ತೊಳೆದು, ಹೊಸ ಎಣ್ಣೆ ಹಾಕದೆ ಗತಿಯಿಲ್ಲ.

ಸುಲಭದ ಮದ್ದು

ಇಷ್ಟೆಲ್ಲ ಹುಡುಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. “ಸ್ವಲ್ಪ ಲೂಸ್ ಮಾಡಿ ಕೊಡು” ಎಂದರೆ ಐದು ನಿಮಿಷದ ಕೆಲಸ. ಶೂ ಸಡಿಲವಾಗುತ್ತದೆ, ಗಾಡಿ ಹಗುರಾಗುತ್ತದೆ, ಮೈಲೇಜು ಮರಳುತ್ತದೆ. ಪೆಡಲ್ ಮಾತ್ರ ಒಂದಿಷ್ಟು ಕೆಳಗೆ ಹೋಗುತ್ತದೆ. ಪೇಟೆಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಘಟ್ಟದಲ್ಲಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ, ಸಿದ್ದಾಪುರದಿಂದ ದೊಡ್ಮನೆ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು: ಯಾವ ಕಡೆ ಇಳಿದರೂ ತಿರುವು ತಪ್ಪಿದ್ದಲ್ಲ. ಕಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಕಾದ ಲೈನರಿನ ಹಿಡಿತ ಕುಗ್ಗುತ್ತದೆ. ತೇವ ಹೀರಿದ ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಚಕ್ರಕ್ಕೆ ಬಲ ದಾಟಿಸುವುದಿಲ್ಲ. ಮೊದಲೇ ಕೆಳಗಿದ್ದ ಪೆಡಲ್ ಈಗ ತಳ ಮುಟ್ಟುತ್ತದೆ. ಗ್ಯಾರೇಜಿನಲ್ಲಿ ಉಳಿದ ಐದು ನಿಮಿಷದ ಬೆಲೆ ಅಲ್ಲಿ ತೆರಬೇಕಾಗುತ್ತದೆ.

ಶೂ ಹೊಂದಿಸುವುದು ತಪ್ಪಲ್ಲ. ಅತಿ ಬಿಗಿಯಾಗಿದ್ದರೆ ಹೊಂದಿಸಲೇಬೇಕು. ಆದರೆ ಕಾರಣ ಹೋಸಿನಲ್ಲೋ ಕೇಬಲ್ಲಿನಲ್ಲೋ ಇರುವಾಗ ಶೂ ಸಡಿಲಿಸುವುದೆಂದರೆ ಜ್ವರ ಬಂದವನ ಥರ್ಮಾಮೀಟರ್ ಒಡೆದು ಹಾಕಿದಂತೆ.

ದೇವಿಮನೆಯಲ್ಲಿ ಗಾಡಿ ನಿಲ್ಲಿಸಿ ದೇವಿಗೆ ಕೈಮುಗಿದು ಇಳಿಯುವ ಚಾಲಕರಿದ್ದಾರೆ. ಅಲ್ಲೇ ಒಂದು ನಿಮಿಷ ಹೆಚ್ಚು ನಿಂತು, ಮೂರೂ ಚಕ್ರದ ಹತ್ತಿರ ಕೈ ಹಿಡಿದು, ಪೆಡಲನ್ನು ಎರಡು ಸಲ ಒತ್ತಿ ನೋಡಿದರೆ ನಷ್ಟವೇನೂ ಇಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರು ಚಾಲಕನನ್ನು ನಂಬಿ ಕುಳಿತಿರುತ್ತಾರೆ. ಚಾಲಕ ನಂಬಿರುವುದು ಆ ಮೂರು ಡ್ರಮ್ಮುಗಳನ್ನು.