ಅಣ್ಣತಮ್ಮಂದಿರ ಜಗಳ, ತಂದೆತಾಯಿಗಳ ನ್ಯಾಯ



ಇಬ್ಬರು ಗಂಡುಹುಡುಗರಿರುವ ಮನೆಗೆ ಗಡಿಯಾರ ಬೇಕಾಗಿಲ್ಲ. ಬೆಳಗ್ಗೆ ಆರು ಗಂಟೆಗೆ ಹೊದಿಕೆಯ ಜಗಳ. ಏಳಕ್ಕೆ, ಬಚ್ಚಲಿಗೆ ಮೊದಲು ಹೋಗತಕ್ಕವರು ಯಾರೆಂಬ ಜಗಳ. ಎಂಟಕ್ಕೆ ರೊಟ್ಟಿಯ ಮೇಲಣ ಬೆಣ್ಣೆಯ ಜಗಳ. ಸಂಜೆ ಐದಕ್ಕೆ ಚೆಂಡಿನ ಜಗಳ. ರಾತ್ರಿ ಒಂಬತ್ತಕ್ಕೆ ತಾಯಿಯ ಮಗ್ಗುಲಲ್ಲಿ ಮಲಗುವವರಾರೆಂಬ ಜಗಳ. ಇವು ಒಂದು ದಿನವಾದರೂ ಹೊತ್ತು ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಒಂಬತ್ತು ವರ್ಷದವನೊಬ್ಬನೂ ಆರು ವರ್ಷದವನೊಬ್ಬನೂ ಇದ್ದಾರೆ. ಆದಕಾರಣ ಈ ವಿಷಯದಲ್ಲಿ ನಮಗೆ ಪಾಂಡಿತ್ಯವಿಲ್ಲದಿದ್ದರೂ ಅನುಭವಕ್ಕೇನೂ ಕೊರತೆಯಿಲ್ಲ. ಅಣ್ಣತಮ್ಮಂದಿರು ಜಗಳವಾಡುವುದೇಕೆ, ಆಗ ಹಿರಿಯರು ಮಾಡತಕ್ಕದ್ದೇನು ಎಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಮೊದಲನೆಯ ಪ್ರಶ್ನೆಗೆ ಉತ್ತರ ಕಠಿನವಲ್ಲ. ವಿಯೆನ್ನಾ ನಗರದ ಮನೋವೈದ್ಯರಾಗಿದ್ದ ಆಲ್‌ಫ್ರೆಡ್ ಆಡ್ಲರ್ ಎಂಬವರು ಚೊಚ್ಚಲ ಮಗುವನ್ನು ಸಿಂಹಾಸನ ಕಳೆದುಕೊಂಡ ಅರಸನಿಗೆ ಹೋಲಿಸಿದರು. ನಮ್ಮ ಸೀಮೆಯವರಿಗೆ ಈ ಹೋಲಿಕೆ ಬೇಗ ತಿಳಿಯುತ್ತದೆ. ಮುಧೋಳದಲ್ಲಿ ಘೋರ್ಪಡೆಯವರೂ ಜಮಖಂಡಿಯಲ್ಲಿ ಪಟವರ್ಧನರೂ ಆಳುತ್ತಿದ್ದ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಆ ಅರಸರಿಗೆ ಕರಾರುಪತ್ರವಾದರೂ ಇತ್ತು, ರಾಜಧನವಾದರೂ ಕೆಲವು ಕಾಲ ದೊರೆಯಿತು. ಮನೆಯ ಹಿರಿಯ ಮಗನಿಗೆ ಅವೆರಡೂ ಇಲ್ಲ. ತಾಯಿ ಆಸ್ಪತ್ರೆಯಿಂದ ಒಂದು ಬಟ್ಟೆಯ ಗಂಟನ್ನು ಎತ್ತಿಕೊಂಡು ಬಂದ ದಿನ ಅವನ ರಾಜ್ಯ ಹೋಯಿತು. ಅಂದಿನಿಂದ ಅವನು ಕೇಳುವ ಮಾತು ಒಂದೇ: ನೀನು ದೊಡ್ಡವನು, ನೀನೇ ಬಿಟ್ಟುಕೊಡು. ಇತ್ತ ಕಿರಿಯವನಿಗೂ ತನ್ನದೇ ಆದ ದುಃಖವುಂಟು. ಅವನ ಅಂಗಿ ಅಣ್ಣನ ಅಂಗಿ, ಅವನ ಪುಸ್ತಕ ಅಣ್ಣನ ಪುಸ್ತಕ. ಎಷ್ಟು ಓಡಿದರೂ ಅಣ್ಣ ಮೂರು ವರ್ಷ ಮುಂದೆಯೇ ಇರುತ್ತಾನೆ. ಹೀಗಿರಲು ಜಗಳವು ಕೇವಲ ಚೆಂಡಿಗಾಗಿ ನಡೆಯುವುದಿಲ್ಲ. ಮನೆಯಲ್ಲಿ ತನ್ನ ಸ್ಥಾನವೇನೆಂಬುದನ್ನು ಪ್ರತಿಯೊಬ್ಬನೂ ಆ ಚೆಂಡಿನ ನೆಪದಿಂದ ಕೇಳುತ್ತಿರುತ್ತಾನೆ.

ಆದ್ದರಿಂದ ಆ ಸಮಯದಲ್ಲಿ ಹಿರಿಯರು ಕೊಡುವ ತೀರ್ಪಿಗೆ ನಾವು ತಿಳಿದಿರುವುದಕ್ಕಿಂತ ಹೆಚ್ಚಿನ ಬೆಲೆಯಿದೆ. ಇದನ್ನು ನಾವು ಕಲಿತದ್ದು ಗ್ರಂಥಗಳಿಂದಲ್ಲ, ನಮ್ಮದೇ ಒಂದು ತಪ್ಪಿನಿಂದ.

ಕಳೆದ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಹುಡುಗರಿಬ್ಬರೂ ಎರೆಮಣ್ಣನ್ನು ತಂದು ಕಲಸಿ, ಒಬ್ಬೊಬ್ಬನೂ ಒಂದೊಂದು ಜೊತೆ ಎತ್ತುಗಳನ್ನೂ ಒಂದು ಗ್ವಾದಲಿಯನ್ನೂ ಮಾಡಿದರು. ಜೋಳದ ಕಾಳಿನ ಕಣ್ಣುಗಳನ್ನಿಟ್ಟು, ಒಣಗಲೆಂದು ಜಗಲಿಯ ಮೇಲೆ ಒಂದು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿದರು. ಸಂಜೆ ನಾವು ಕಾಲೇಜಿನಿಂದ ದಣಿದು ಬಂದು ನೋಡುತ್ತೇವೆ: ಹಲಗೆ ಮಗುಚಿದೆ, ನಾಲ್ಕು ಎತ್ತುಗಳಲ್ಲಿ ಮೂರು ಮುರಿದಿವೆ, ಕಿರಿಯವನು ಗಟ್ಟಿಯಾಗಿ ಅಳುತ್ತಿದ್ದಾನೆ, ಹಿರಿಯವನು ತಮ್ಮನ ಎತ್ತಿನ ಮುರಿದ ಕಾಲನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಇನ್ನೇನು ಸಾಕ್ಷ್ಯ ಬೇಕು? "ದೊಡ್ಡಾಂವ ಆಗಿ ಬುದ್ಧಿ ಬ್ಯಾಡೇನು?" ಎಂದು ಗದರಿಸಿದೆವು. "ಅಪ್ಪಾ, ನಾ ಅಲ್ರಿ..." ಎಂದು ಅವನು ಬಾಯ್ದೆರೆದನು. "ಸುಮ್ಮನಿರು" ಎಂದು ಬೆನ್ನಿಗೆ ಒಂದು ಏಟನ್ನೂ ಕೊಟ್ಟು ಒಳಗೆ ಹೋದೆವು. ಅವನು ಅಳಲಿಲ್ಲ. ಕೈಯಲ್ಲಿದ್ದ ಮಣ್ಣಿನ ಕಾಲನ್ನು ಹಲಗೆಯ ಮೇಲಿಟ್ಟು ಹಿತ್ತಲಿಗೆ ನಡೆದನು.

ಅದಾದ ಮೇಲೆ ಕೆಲವು ವಾರ ಮನೆ ಆಶ್ಚರ್ಯಕರವಾಗಿ ಶಾಂತವಾಗಿತ್ತು. ಹಿರಿಯವನು ಒಂದು ದೂರನ್ನೂ ತರಲಿಲ್ಲ. ತಮ್ಮನು ಚೆಂಡನ್ನು ಕಸಿದುಕೊಂಡರೆ ಕೊಟ್ಟುಬಿಡುವನು. ಏನಾಯಿತೆಂದು ಕೇಳಿದರೆ "ಏನಿಲ್ರಿ" ಎನ್ನುವನು. ನಮ್ಮ ಒಂದು ಏಟು ಫಲಿಸಿತೆಂದು ನಾವು ಒಳಗೊಳಗೆ ಹಿಗ್ಗಿದೆವು. ಒಂದು ರಾತ್ರಿ ಈ ಹಿಗ್ಗನ್ನು ಮನೆಯವರ ಮುಂದೆ ತೋಡಿಕೊಂಡಾಗ ಅವರು, "ಇದು ಸಮಾಧಾನ ಅಲ್ರಿ, ಹುಡುಗ ನಿಮ್ಮ ಕೂಡ ಮಾತು ಬಿಟ್ಟಾನ" ಎಂದು, ಅಂದು ನಡೆದುದನ್ನು ತಿಳಿಸಿದರು. ತನ್ನ ಎತ್ತುಗಳಿಗೆ ಬಿಸಿಲು ಸಾಲದೆಂದು ಹಲಗೆಯನ್ನು ಎಳೆದವನು ಕಿರಿಯವನು. ಮುರಿದುವುಗಳಲ್ಲಿ ಎರಡು ಹಿರಿಯವನವೇ. ಆತನು ತನ್ನವನ್ನು ಬಿಟ್ಟು, ತಮ್ಮನ ಅಳು ನಿಲ್ಲಲೆಂದು ಆ ಕಾಲನ್ನು ಹಸಿಮಣ್ಣಿನಿಂದ ಮೆತ್ತಲು ಹೊರಟಿದ್ದ ಸಮಯಕ್ಕೆ ಸರಿಯಾಗಿ ನಾವು ಮನೆಯೊಳಗೆ ಕಾಲಿಟ್ಟಿದ್ದೆವು.

ಸ್ವಿಟ್ಜರ್‌ಲೆಂಡಿನ ಝಾನ್ ಪಿಯಾಜೆ ಎಂಬ ವಿದ್ವಾಂಸರು ಮಕ್ಕಳ ನೀತಿಬುದ್ಧಿಯನ್ನು ಕುರಿತು 1932ರಲ್ಲಿ ಒಂದು ಪ್ರಸಿದ್ಧ ಗ್ರಂಥವನ್ನು ಬರೆದರು. ಅವರು ಮಕ್ಕಳಿಗೆ ಎರಡು ಪುಟ್ಟ ಕಥೆಗಳನ್ನು ಹೇಳುತ್ತಿದ್ದರು. ಊಟಕ್ಕೆ ಕರೆದರೆಂದು ಬಾಗಿಲನ್ನು ತಳ್ಳಿದ ಹುಡುಗನೊಬ್ಬನಿಂದ, ಬಾಗಿಲ ಹಿಂದೆ ಇದ್ದುದು ತಿಳಿಯದೆ, 15 ಬಟ್ಟಲುಗಳು ಒಡೆದುವು. ತಾಯಿಯಿಲ್ಲದಾಗ ಕಪಾಟಿನಿಂದ ಮುರಬ್ಬವನ್ನು ಕದಿಯಹೋದ ಇನ್ನೊಬ್ಬನಿಂದ ಒಂದೇ ಬಟ್ಟಲು ಒಡೆಯಿತು. ಇವರಲ್ಲಿ ಯಾರದು ದೊಡ್ಡ ತಪ್ಪು? ಎಳೆಯ ಮಕ್ಕಳಲ್ಲಿ ಹಲವರು 15 ಒಡೆದವನೇ ದೊಡ್ಡ ತಪ್ಪುಗಾರನೆಂದರು. ಸ್ವಲ್ಪ ಬೆಳೆದ ಮಕ್ಕಳು, ಕದಿಯಹೋದವನ ಮನಸ್ಸನ್ನು ನೋಡಬೇಕೆಂದರು. ಎಳೆಯ ಬುದ್ಧಿ ನಷ್ಟವನ್ನು ಎಣಿಸುತ್ತದೆ. ಬೆಳೆದ ಬುದ್ಧಿ ಉದ್ದೇಶವನ್ನು ಅರಸುತ್ತದೆ. ಈ ಗ್ರಂಥವನ್ನು ನಾವು ವಿದ್ಯಾರ್ಥಿದೆಸೆಯಲ್ಲಿಯೇ ಓದಿದ್ದೆವು. ಆದರೂ ಅಂದು ಸಂಜೆ ಜಗಲಿಯ ಮೇಲೆ ಮುರಿದ ಎತ್ತುಗಳನ್ನು ಎಣಿಸಿದವರು ನಾವು. ಕೈಯಲ್ಲಿ ಮಣ್ಣಿನ ಕಾಲು ಏಕಿದೆಯೆಂದು ಕೇಳಲಿಲ್ಲ. ನಾಲ್ವತ್ತು ದಾಟಿದ ತಂದೆಯ ಬುದ್ಧಿ ಆರು ವರ್ಷದ ಮಗುವಿನ ಮಟ್ಟಕ್ಕೆ ಇಳಿಯುವುದಕ್ಕೆ ದಣಿವೊಂದೇ ಸಾಕು.

ಇದು ಸಣ್ಣ ಮಾತೆಂದು ತಾವು ನಗಬಹುದು. ಆದರೆ ವ್ಯಾಸಮಹರ್ಷಿಗಳು ಕುರುಕುಲದ ನಾಶಕಥೆಯನ್ನು ಹೇಳುವಾಗ ಅದರ ಬೇರನ್ನು ಹುಡುಗರ ಆಟದಲ್ಲಿಯೇ ತೋರಿಸಿದ್ದಾರೆ. ಕೌರವರು ಹಣ್ಣಿಗಾಗಿ ಮರವನ್ನೇರಿದಾಗ ಭೀಮನು ಮರವನ್ನು ಅಲುಗಿಸುತ್ತಿದ್ದನು. ಹಣ್ಣುಗಳೊಡನೆ ಹುಡುಗರೂ ಉದುರುತ್ತಿದ್ದರು. ಭೀಮನು ಹೀಗೆ ಮಾಡಿದ್ದು ಹುಡುಗುತನದಿಂದಲೇ ಹೊರತು ದ್ರೋಹಬುದ್ಧಿಯಿಂದಲ್ಲವೆಂದು ವ್ಯಾಸರು ಸ್ಪಷ್ಟವಾಗಿ ನುಡಿಯುತ್ತಾರೆ. ಆದರೆ ದುರ್ಯೋಧನನಿಗೆ ಕಂಡದ್ದು ಪೆಟ್ಟು, ಮನಸ್ಸು ಕಾಣಲಿಲ್ಲ. ಬಿದ್ದವರ ನೋವನ್ನೂ ಬೀಳಿಸಿದವನ ಮನಸ್ಸನ್ನೂ ಎದುರುಬದುರಾಗಿ ಕೂರಿಸಿ ಕೇಳುವ ಕೆಲಸವನ್ನು ಆ ದೊಡ್ಡ ಅರಮನೆಯಲ್ಲಿ ಯಾರಾದರೂ ಮಾಡಿದರೆಂದು ಕಥೆ ಹೇಳುವುದಿಲ್ಲ. ಮುಂದೆ ಭೀಮನ ಅನ್ನಕ್ಕೆ ವಿಷ ಬಿತ್ತು. ಅದರ ಕೊನೆಯನ್ನು ಹಾಡಿದವನು ನಮ್ಮ ಮುಧೋಳದಲ್ಲಿ ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ. ಅವನ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ನಡೆದುಬರುತ್ತ ತಮ್ಮ ದುಶ್ಶಾಸನನ ಶವದ ಮುಂದೆ ಗೋಳಿಡುತ್ತಾನೆ. ತಮ್ಮನಿಗಾಗಿ ಕರಗುವ ಹೃದಯ ಅವನಿಗೂ ಇದ್ದಿತು. ಅದು ದಾಯಾದಿಗಳತ್ತ ತಿರುಗುವ ಹಾದಿ ಮಾತ್ರ ಬಾಲ್ಯದಲ್ಲಿಯೇ ಮುಚ್ಚಿಹೋಗಿತ್ತು.

ಹಾಗಾದರೆ ಹಿರಿಯರು ಮಾಡತಕ್ಕದ್ದೇನು? ಇದಕ್ಕೂ ಕನ್ನಡನಾಡಿನಲ್ಲಿಯೇ ಒಂದು ಹಳೆಯ ದಾರಿಯಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಅಣ್ಣತಮ್ಮಂದಿರ ಆಸ್ತಿಪಾಲಿನ ವಿಷಯದಲ್ಲಿ ಅದರ ಹೆಸರು ಭಾರತದ ನ್ಯಾಯಾಲಯಗಳಲ್ಲೆಲ್ಲ ಕೇಳಿಬಂದಿದೆ. ಅದರಲ್ಲಿ ವ್ಯವಹಾರಕ್ಕೆ, ಎಂದರೆ ನ್ಯಾಯವಿಚಾರಣೆಗೆ, ನಾಲ್ಕು ಕಾಲುಗಳೆಂದು ಹೇಳಿದೆ. ದೂರುವವನ ಮಾತು ಭಾಷಾಪಾದ, ಎದುರಾಳಿಯ ಮರುನುಡಿ ಉತ್ತರಪಾದ, ಸಾಕ್ಷ್ಯಪ್ರಮಾಣಗಳು ಕ್ರಿಯಾಪಾದ, ಕೊನೆಯ ನಿರ್ಣಯ ಸಾಧ್ಯಸಿದ್ಧಿಪಾದ. ನಮ್ಮ ಅಂದಿನ ತೀರ್ಪಿಗೆ ಒಂದೇ ಕಾಲಿತ್ತು. ಅಳುವಿನಿಂದ ನೇರವಾಗಿ ದಂಡನೆಗೆ ಹಾರಿದ್ದೆವು. ಅದು ಮುರಿದ ಮಣ್ಣೆತ್ತಿಗಿಂತಲೂ ಹೆಚ್ಚು ಕುಂಟಾಗಿತ್ತು.

ಮನೆಯನ್ನೇ ಕಚೇರಿಯನ್ನಾಗಿ ಮಾಡಬೇಕೆಂದು ನಾವು ಹೇಳುವುದಿಲ್ಲ. ಹತ್ತು ಜಗಳಗಳಲ್ಲಿ ಎಂಟನ್ನು ಹುಡುಗರು ತಾವೇ ಬಗೆಹರಿಸಿಕೊಳ್ಳಬಲ್ಲರು. ಅಲ್ಲಿ ಹಿರಿಯರು ತಲೆಹಾಕದಿರುವುದೇ ಲೇಸು. ಹೊಡೆದಾಟವಾಗುತ್ತಿದ್ದರೆ ಮೊದಲು ಬಿಡಿಸಬೇಕು; ವಿಚಾರಣೆ ಆಮೇಲೆ. ಆದರೆ ಮಗುವು ತಾನಾಗಿ ದೂರನ್ನು ತಂದಾಗ, ಅದು ಎಷ್ಟು ಅಲ್ಪವಾಗಿ ಕಂಡರೂ, ನಾಲ್ಕು ಕಾಲುಗಳ ಮೇಲೆ ನಿಲ್ಲಿಸಬೇಕು. ಒಬ್ಬನು ಹೇಳುವಾಗ ಇನ್ನೊಬ್ಬನು ಸುಮ್ಮನಿರಬೇಕು. ಆಮೇಲೆ ಅವನ ಸರದಿ. ಕಿರಿಯವನಿಗೆ ಮಾತು ತಡವರಿಸಿದರೆ ಕಾಯಬೇಕು. ಹಿರಿಯವನ ವಯಸ್ಸನ್ನೇ ಅವನ ತಪ್ಪಿಗೆ ಪ್ರಮಾಣವಾಗಿ ಹಿಡಿಯಬಾರದು. ಏನಾಯಿತೆಂದು ಕೇಳಿದ ಮೇಲೆ, ಏನು ಮಾಡಬೇಕೆಂದಿದ್ದೆಯೆಂದೂ ಕೇಳಬೇಕು. ಇಷ್ಟಕ್ಕೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ಅಂದೇ ದೊರೆಯಬೇಕೆಂಬುದು ಮಾತ್ರ ಮುಖ್ಯ.

ಅಂದೇ ಏಕೆಂದರೆ, ಅದಕ್ಕೆ ನಮ್ಮೂರಿನಲ್ಲಿ ಎಲ್ಲರೂ ಬಲ್ಲ ಒಂದು ನಿದರ್ಶನವುಂಟು. ನಾವು ವಾಸಿಸುವ ಸಮೀರವಾಡಿಯ ಜೀವನವೆಲ್ಲ ಗೋದಾವರಿ ಸಂಸ್ಥೆಯ ಸಕ್ಕರೆ ಕಾರ್ಖಾನೆಯ ಸುತ್ತ ನಡೆಯುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲಿರುಳೆನ್ನದೆ ಎತ್ತಿನ ಬಂಡಿಗಳೂ ಜೋಡಿ ಟ್ರೇಲರುಗಳ ಟ್ರ್ಯಾಕ್ಟರುಗಳೂ ಸಾಲುಗಟ್ಟಿ ಬರುತ್ತವೆ. ಈ ಅವಸರವೇಕೆ? ಕಬ್ಬನ್ನು ಕಡಿದೊಡನೆ ಅದರೊಳಗಣ ಸಕ್ಕರೆ ಒಡೆಯಲಾರಂಭಿಸುತ್ತದೆ. ಹರಳುಗಟ್ಟುವ ಸಕ್ಕರೆಯು ಹರಳುಗಟ್ಟದ ಬೇರೆ ಸಕ್ಕರೆಗಳಾಗುತ್ತದೆ. ಕಡಿದ ಕೊನೆಗಳಲ್ಲಿ ಸೂಕ್ಷ್ಮಾಣುಗಳು ಸೇರಿ ರಸ ಹುಳಿಯಾಗುತ್ತದೆ. ಬಿಸಿಲು ಹೆಚ್ಚಿದ್ದರೆ ಇದೆಲ್ಲ ಇನ್ನೂ ಬೇಗ. ಆದ್ದರಿಂದ ಒಂದು ದಿನದೊಳಗೆ ಗಾಣಕ್ಕೆ ಕೊಡುವುದು ಉತ್ತಮವೆಂದು ಬಲ್ಲವರ ಮತ. ಮೂರನೆಯ ದಿನಕ್ಕೂ ಕಬ್ಬು ಹೊರನೋಟಕ್ಕೆ ಕಬ್ಬಾಗಿಯೇ ಇರುತ್ತದೆ, ಆದರೆ ಇಳುವರಿ ತಗ್ಗಿರುತ್ತದೆ. ಮಗುವಿನ ದೂರೂ ಹಾಗೆಯೇ. ಅಂದು ಕೇಳದೆ ಬಿಟ್ಟರೆ ಅದು ಒಳಗೆ ಹುಳಿಯುತ್ತದೆ. ಹೊರಗೆ ಶಾಂತಿಯಂತೆ ಕಾಣುತ್ತದೆ.

ನಮ್ಮ ತಪ್ಪು ತಿಳಿದ ಮರುದಿನ ಹುಡುಗರಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು, ಕಿರಿಯವನೂ ಕೇಳುವಂತೆ, ಅಂದು ತಪ್ಪಿದವರು ನಾವೆಂದು ಹಿರಿಯವನಿಗೆ ಹೇಳಿದೆವು. ತಂದೆಯ ಘನತೆಗೆ ಇದರಿಂದ ಕುಂದು ಬರುವುದೋ ಎಂಬ ಅಳುಕು ನಮಗಿದ್ದುದನ್ನು ಮುಚ್ಚಿಡುವುದಿಲ್ಲ. ಅವನು ನೆಲ ನೋಡುತ್ತ, "ಆವತ್ತ ಕೇಳಿದ್ರ ಹೇಳ್ತಿದ್ನೆಲ್ರಿ" ಎಂದನು. ಅಷ್ಟೇ. ಕ್ಷಮಿಸಿದೆನೆಂದು ಹೇಳಲಿಲ್ಲ, ಮುಖವೂ ಅರಳಲಿಲ್ಲ. ಮರುದಿನವೂ ಏನಾಯಿತೆಂದರೆ "ಏನಿಲ್ರಿ" ಎಂಬುದೇ ಉತ್ತರ. ಹುಳಿತ ರಸವು ಒಂದು ಮಾತಿನಿಂದ ಸಿಹಿಯಾಗುವುದಿಲ್ಲವಷ್ಟೆ.

ಮಳೆಗಾಲ ಕಳೆದು ಹಂಗಾಮು ತೊಡಗಿತು. ನೆರೆಯ ರೈತರೊಬ್ಬರು ಹುಡುಗರಿಗೆಂದು ಎರಡು ಕಬ್ಬು ಕೊಟ್ಟು ಹೋಗಿದ್ದರು. ಅಂದು ಸಂಜೆ ನಾವು ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತಿದ್ದಾಗ ಹಿರಿಯವನು ಬಾಗಿಲಲ್ಲಿ ಬಂದು ನಿಂತು, ಏರಿದ ದನಿಯಲ್ಲಿ, "ಅಪ್ಪಾ, ಇವ ನನ್ನ ಕಬ್ಬನೂ ತಿಂದಾನ್ರಿ, ನೋಡ್ರಿ ಬೇಕಾರ" ಎಂದನು. ನಾವು ಲೇಖನಿಯನ್ನು ಕೆಳಗಿಟ್ಟೆವು. ಭಾಷಾಪಾದ ಮುಗಿಯಿತು. ಕಿರಿಯವನ ಉತ್ತರಪಾದವೆಂದರೆ, "ಒಂದು ಗಣಿಕಿ ಉಳಿಸೀನ್ರಿ" ಎಂಬುದು. ಕ್ರಿಯಾಪಾದಕ್ಕೆ ಅಂಗಳದಲ್ಲಿ ಸಿಪ್ಪೆಯ ರಾಶಿಯೇ ಇತ್ತು. ಮುಂದೆ ಬರುವ ಕಬ್ಬಿನಲ್ಲಿ ಬುಡದ ಭಾಗ ಅಣ್ಣನದೆಂದು ನಿರ್ಣಯವಾಯಿತು. ಬುಡವೇ ಹೆಚ್ಚು ಸಿಹಿಯೆಂಬುದು ಇಬ್ಬರಿಗೂ ಗೊತ್ತು. ಕಿರಿಯವನು ಗೊಣಗಿದನು, ಹಿರಿಯವನು ಉಳಿದ ಗಣಿಕೆಯನ್ನು ಎತ್ತಿಕೊಂಡು ಹೊರಗೆ ಹೋದನು.

ಆ ಸಂಜೆ ನಮಗಾದ ಸಂತೋಷವನ್ನು ಆ ಹುಡುಗನು ಅರಿಯನು. ತಮ್ಮಲ್ಲಿಯೂ ಕೆಲವರ ಮನೆಯಲ್ಲಿ ಈ ಹೊತ್ತಿಗೆ ದೂರು ಹೊತ್ತುಕೊಂಡ ಮಗುವೊಂದು ಬಾಗಿಲಲ್ಲಿ ನಿಂತಿರಬಹುದು. ಹಾಗಿದ್ದರೆ ನಮ್ಮ ಮಾತು ಇಲ್ಲಿಗೆ ಸಾಕು. ತಾವು ಮೊದಲು ಆ ಮಗುವಿನ ಮಾತನ್ನು ಕೇಳಬೇಕೆಂದು ಬೇಡುತ್ತೇವೆ.