ಅಳಿಸಿ ಹೋಗದ ನಂಬರು: ಪೈಂಟಿನ ಮೇಲೆ ಲೇಸರ್ ಬರಹ

ಮಾರ್ಚಿನ ಬಿಸಿಲಿಗೆ ಸರಿಯಾಗಿ ತೋಟದ ಪಂಪು ಸುಟ್ಟು ಹೋಯ್ತು. ಕೊಂಡು ಹನ್ನೊಂದೇ ತಿಂಗಳು. ಒಂದು ವರ್ಷದ ಗ್ಯಾರಂಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಜೀಪಿಗೆ ಹಾಕಿ ಪೇಟೆಗೆ ಒಯ್ದೆ. ಅಂಗಡಿಯವರು ಬಿಲ್ಲು ನೋಡಿದರು. ಪಂಪನ್ನು ಅತ್ತ ಇತ್ತ ತಿರುಗಿಸಿದರು. "ಇದರ ನಂಬರ್ ಎಲ್ಲುಂಟು ಅಣ್ಣಾ?" ಎಂದು ಕೇಳಿದರು.

ನಂಬರ್ ಇದ್ದದ್ದು ಒಂದು ಸ್ಟಿಕ್ಕರಿನಲ್ಲಿ. ಒಂದು ಮಳೆಗಾಲದ ಥಂಡಿ, ಮೇಲಿಂದ ಗ್ರೀಸು, ಡೀಸೆಲ್ ಬಟ್ಟೆಯಲ್ಲಿ ಉಜ್ಜಿದ್ದು, ಸ್ಟಿಕ್ಕರ್ ಬೋಳಾಗಿತ್ತು. ಬಿಲ್ಲಿನಲ್ಲಿ ನಂಬರ್ ಉಂಟು, ಪಂಪಿನಲ್ಲಿ ಇಲ್ಲ. ಇದು ಅದೇ ಪಂಪು ಎಂದು ತೋರಿಸುವುದು ಹೇಗೆ? ರಿವೈಂಡಿಂಗ್ ಖರ್ಚು ನನ್ನ ಕಿಸೆಯಿಂದಲೇ ಹೋಯ್ತು. ಅಡಿಕೆ ಗಿಡಗಳಿಗೆ ಎಂಟು ದಿನ ನೀರಿಲ್ಲ.

ಅದೇ ಅಂಗಡಿಯಲ್ಲಿ ಇನ್ನೊಂದು ಹಳೇ ಪಂಪು ಇತ್ತು. ನೀಲಿ ಪೈಂಟಿನ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರ. ಉಗುರಿನಿಂದ ಕೆರೆದೆ, ಹೋಗಲಿಲ್ಲ. "ಅದು ಲೇಸರಿನದ್ದು" ಎಂದ ಮೆಕ್ಯಾನಿಕ್. ಕುತೂಹಲವಾಗಿ ಪರಿಚಯದ ವರ್ಕ್‌ಶಾಪೊಂದಕ್ಕೆ ಹೋಗಿ ಆ ಕೆಲಸವನ್ನು ನೋಡಿ ಬಂದೆ.

ಶಾಯಿಯೇ ಇಲ್ಲ

ಚಿಕ್ಕಂದಿನಲ್ಲಿ ಭೂತಕನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟದ್ದು ನೆನಪಿದೆಯಲ್ಲ? ತತ್ವ ಹೆಚ್ಚುಕಡಿಮೆ ಅದೇ. ಲೇಸರ್ ಬೆಳಕನ್ನು ಲೆನ್ಸಿನ ಮೂಲಕ ಒಂದು ಚುಕ್ಕಿಗೆ ತರುತ್ತಾರೆ. ಕಂಪ್ಯೂಟರ್ ಹೇಳಿದಂತೆ ಎರಡು ಪುಟ್ಟ ಕನ್ನಡಿಗಳು ಅಲುಗಿ ಆ ಚುಕ್ಕಿಯನ್ನು ಓಡಿಸಿ ಬರೆಯುತ್ತವೆ. ಬೆಳಕು ಒಂದೇ ಸಮನೆ ಬೀಳುವುದಲ್ಲ. ಸೆಕೆಂಡಿಗೆ ಸಾವಿರಾರು ಸಲ ಮಿಡಿದು ಮಿಡಿದು ಬೀಳುತ್ತದೆ. ತಾಗಿದಲ್ಲಿ ಪೈಂಟು ಆವಿಯಾಗಿ, ಪುಡಿಯಾಗಿ ಹಾರುತ್ತದೆ. ಅಡಿಯ ಲೋಹ ಬೆಳಕನ್ನು ಬಹುಪಾಲು ಹಿಂದಕ್ಕೆ ಕಳಿಸುತ್ತದೆ, ಬಿಸಿಯನ್ನೂ ಬೇಗ ಹರಡಿಸುತ್ತದೆ. ಹಾಗಾಗಿ ಹದ ಸರಿಯಿದ್ದರೆ ಪೈಂಟು ಮಾತ್ರ ಹೋಗುತ್ತದೆ, ಲೋಹ ಉಳಿಯುತ್ತದೆ.

ಲೋಹದ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಫೈಬರ್ ಲೇಸರ್. ಅದರ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕಣ್ಣನ್ನು ಹಾಳುಮಾಡಬಲ್ಲದು. ಅದಕ್ಕೇ ತಕ್ಕ ಕನ್ನಡಕ ಬೇಕು. ನೋಡಲು ಹೋದವರೂ ಇಣುಕಬೇಡಿ.

ತುಕ್ಕಿನ ಪ್ರಶ್ನೆ

ಪೈಂಟನ್ನು ಪೂರ್ತಿ ತೆಗೆದು ಲೋಹ ಕಾಣಿಸುವುದು ಒಂದು ಕ್ರಮ. ಅಕ್ಷರ ಫಳಫಳ ಹೊಳೆಯುತ್ತದೆ. ಆದರೆ ಬೀಡುಕಬ್ಬಿಣಕ್ಕೆ ನಮ್ಮ ಕರಾವಳಿಯ ಮಳೆ ಸಿಕ್ಕಿದರೆ ಆ ಗೆರೆಯಿಂದಲೇ ತುಕ್ಕು ಶುರು. ಸ್ಟೇನ್‌ಲೆಸ್ ಸ್ಟೀಲಿಗಾದರೆ ಇಷ್ಟು ಭಯವಿಲ್ಲ.

ಎರಡನೆಯದು ಜಾಣ ಕ್ರಮ. ಅಡಿಯಲ್ಲಿ ಒಂದು ಬಣ್ಣ, ಮೇಲೆ ಇನ್ನೊಂದು. ಮೇಲಿನ ಪದರವನ್ನಷ್ಟೇ ಲೇಸರ್ ಎಬ್ಬಿಸುತ್ತದೆ, ಅಡಿಯ ಬಣ್ಣ ಅಕ್ಷರವಾಗಿ ಕಾಣುತ್ತದೆ. ನಾನು ಕಂಡ ಬೂದು ಅಕ್ಷರ ಪ್ರೈಮರಿನದ್ದು. ಲೋಹಕ್ಕೆ ಹೊದಿಕೆ ಉಳಿಯಿತು, ನಂಬರೂ ಉಳಿಯಿತು. ಆದರೆ ಕೈ ಬಿಗಿ ಇರಬೇಕು. ಪೌಡರ್ ಕೋಟಿಂಗಿನ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್, ಅಂದರೆ ಒಂದು ತಲೆಕೂದಲಿನಷ್ಟು!

ಕೆಲವರು ನಂಬರಿನ ಜೊತೆ ಕ್ಯೂಆರ್ ಚೌಕವನ್ನೂ ಬರೆಯುತ್ತಾರೆ. ಇದು 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯಲ್ಲಿ ಹುಟ್ಟಿದ್ದೇ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಸ್ವಲ್ಪ ಭಾಗ ಸವೆದರೂ ಮೊಬೈಲು ಅದನ್ನು ಓದಬಲ್ಲದು.

ನಾವೇನು ಮಾಡಬಹುದು?

* ಪಂಪು, ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ ಕೊಳ್ಳುವಾಗ ನಂಬರ್ ಎಲ್ಲಿದೆ ಎಂದು ಕೇಳಿ. ಸ್ಟಿಕ್ಕರೋ, ಮೊಳೆ ಹೊಡೆದ ತಗಡೋ, ಲೇಸರೋ ನೋಡಿ.

* ಬಿಲ್ಲಿನ ನಂಬರೂ ಯಂತ್ರದ ನಂಬರೂ ಒಂದೇ ಎಂದು ಅಂಗಡಿಯಲ್ಲೇ ತಾಳೆ ಹಾಕಿ. ಐಎಸ್‌ಐ ಗುರುತಿನ ಜೊತೆ ‘ಸಿಎಂ/ಎಲ್’ ಎಂದು ಇರುವುದು ತಯಾರಕರ ಲೈಸೆನ್ಸ್ ನಂಬರು, ನಿಮ್ಮ ಪಂಪಿನದ್ದಲ್ಲ.

* ಅದೇ ದಿನ ಫೋಟೋ ತೆಗೆದಿಡಿ, ಡೈರಿಯಲ್ಲೂ ಬರೆದಿಡಿ. ಹೆಚ್.ಪಿ., ಹೆಡ್, ಆಂಪ್ಸ್ ಕೂಡ ಬರೆಯಿರಿ. ಮುಂದೆ ರಿವೈಂಡಿಂಗಿಗೆ, ಸ್ಪೇರಿಗೆ ಬೇಕಾಗುತ್ತದೆ.

* ಮಳೆಗಾಲಕ್ಕೆ ಮುಂಚೆ ಪಂಪಿಗೆ ಪೈಂಟ್ ಬಳಿಯುವವರು ನಂಬರಿನ ಮೇಲೆ ಟೇಪ್ ಅಂಟಿಸಿ ಬಳಿಯಿರಿ. ಲೇಸರ್ ಬರಹ ಉಜ್ಜಿದರೆ ಸುಲಭದಲ್ಲಿ ಹೋಗದು, ಪೈಂಟ್ ಬಳಿದರೆ ಮುಚ್ಚಿ ಹೋಗುತ್ತದೆ.

* ಅಕ್ಷರದಲ್ಲಿ ಲೋಹ ಕಾಣುತ್ತಿದ್ದರೆ ಬಣ್ಣವಿಲ್ಲದ ವಾರ್ನಿಷ್ ಒಂದು ಕೈ ಕೊಡಿ.

* ಪೇಟೆಯ ಲೇಸರ್ ಅಂಗಡಿಯಲ್ಲಿ ನಿಮ್ಮ ಸಾಮಾನಿಗೂ ಹೆಸರು ಹಾಕಿಸಬಹುದು. ನಾಲ್ಕೈದು ಮನೆಯವರು ಒಟ್ಟಿಗೆ ಒಯ್ದರೆ ಅನುಕೂಲ. ಆದರೆ ಪಿವಿಸಿ ವಸ್ತು ಒಯ್ಯಬೇಡಿ. ಲೇಸರ್ ತಾಗಿದರೆ ಅದು ವಿಷದ ಹೊಗೆ ಬಿಡುತ್ತದೆ.

ಅಂದ ಹಾಗೆ, ರಿವೈಂಡಿಂಗ್ ಆಗಿ ಬಂದ ನನ್ನ ಪಂಪಿಗೆ ಈಗ ಬಿಲ್ಲಿನಲ್ಲಿದ್ದ ನಂಬರನ್ನೇ ಲೇಸರಿನಲ್ಲಿ ಬರೆಸಿದ್ದೇನೆ. ಹೋದ ಗ್ಯಾರಂಟಿ ಇದರಿಂದ ಬಾರದು. ನೀವಾದರೂ ಇವತ್ತೇ ಪಂಪ್ ಶೆಡ್ಡಿಗೆ ಹೋಗಿ, ಸ್ಟಿಕ್ಕರ್ ಓದಲು ಬರುತ್ತಿರುವಾಗಲೇ ನಂಬರ್ ಬರೆದಿಟ್ಟುಕೊಳ್ಳಿ.