ಆಸ್ಪತ್ರೆಯಲ್ಲಿ ಇಷ್ಟಲಿಂಗ: ಶುಶ್ರೂಷಾಶಾಸ್ತ್ರ ತೋರುವ ಮೂರು ದಾರಿಗಳು



ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಹಿರಿಯರು ಶ್ರೀಮಠಕ್ಕೆ ಬಂದು ಕೇಳುವ ಮಾತೊಂದಿದೆ: “ದವಾಖಾನ್ಯಾಗ ಲಿಂಗ ತಗಿಬೇಕಂತಾರ್ರೀ, ಏನ ಮಾಡೂದು?” ಈ ಒಂದು ಅಳುಕಿನಿಂದಲೇ ಚಿಕಿತ್ಸೆಯನ್ನು ಮುಂದೂಡಿದವರೂ ಉಂಟು. ಆದ್ದರಿಂದ ಈ ವಿಷಯವನ್ನು ಶುಶ್ರೂಷಾಶಾಸ್ತ್ರದ ಬೆಳಕಿನಲ್ಲಿ ವಿವರಿಸುವುದು ಅಗತ್ಯವೆನಿಸಿತು.

1860ರಲ್ಲಿ ಲಂಡನ್ನಿನಲ್ಲಿ ದಾದಿಯರ ತರಬೇತಿ ಶಾಲೆಯನ್ನು ಸ್ಥಾಪಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅವರು ಗಾಳಿ, ಬೆಳಕು, ಶುಚಿತ್ವ, ಪಥ್ಯಗಳಿಗೆ ಒತ್ತು ಕೊಟ್ಟರು. 1952ರಲ್ಲಿ ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೌ ಅವರು ರೋಗಿ ಮತ್ತು ದಾದಿಯ ನಡುವಣ ಸಂಬಂಧವೇ ಆರೈಕೆಯ ತಿರುಳೆಂದು ಪ್ರತಿಪಾದಿಸಿದರು. ಅದೇ ದೇಶದ ಮೆಡಲೀನ್ ಲೈನಿಂಗರ್ (1925–2012) ಅವರು ದಾದಿಯೂ ಮಾನವಶಾಸ್ತ್ರಜ್ಞೆಯೂ ಆಗಿದ್ದರು. ನ್ಯೂಗಿನಿಯ ಬೆಟ್ಟನಾಡಿನ ಜನರೊಡನೆ ವಾಸಿಸಿ ಅಧ್ಯಯನ ನಡೆಸಿದ ಅವರು, ರೋಗಿಯ ಆಚಾರವಿಚಾರಗಳನ್ನು ಅರಿಯದೆ ಮಾಡಿದ ಶುಶ್ರೂಷೆ ಅಪೂರ್ಣವೆಂದು ಕಂಡುಕೊಂಡರು. ಆಚಾರವೂ ಚಿಕಿತ್ಸೆಯೂ ಎದುರಾದಾಗ ಅವರು ತೋರಿದ ದಾರಿಗಳು ಮೂರು: ಉಳಿಸಿಕೊಳ್ಳುವುದು, ಹೊಂದಿಸಿಕೊಳ್ಳುವುದು, ಮಾರ್ಪಡಿಸುವುದು.

ಮೊದಲನೆಯದು ಸುಲಭ. ಹಣೆಯ ವಿಭೂತಿ, ಶಾಕಾಹಾರ, ಹಾಸಿಗೆಯಲ್ಲಿಯೇ ಕುಳಿತು ಮಾಡುವ ಲಿಂಗಪೂಜೆ ಇವು ಸಾಮಾನ್ಯವಾಗಿ ಚಿಕಿತ್ಸೆಗೆ ಅಡ್ಡಿಯಲ್ಲ. ರೋಗಿಗೆ ಧೈರ್ಯ ತುಂಬುವಂಥವು. ಇವನ್ನು ಉಳಿಸಿಕೊಳ್ಳಬೇಕು.

ಎರಡನೆಯದರಲ್ಲಿ ಪರಸ್ಪರ ಮಾತುಕತೆ ಬೇಕು. ಪೂಜೆಯಾಗದೆ ಪ್ರಸಾದ ಸ್ವೀಕರಿಸದ ಸಕ್ಕರೆ ಕಾಯಿಲೆಯ ಹಿರಿಯರಿಗೆ ಊಟಕ್ಕೆ ಮೊದಲಿನ ಇನ್ಸುಲಿನ್ ಕೊಟ್ಟ ಮೇಲೆ ಪೂಜೆ ತಡವಾದರೆ, ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. “ಯಜಮಾನರೇ, ಪೂಜೆ ಎಷ್ಟು ಹೊತ್ತಿಗೆ?” ಎಂದು ದಾದಿ ಕೇಳಿದರೆ ಸಾಕು, ವೈದ್ಯರ ಒಪ್ಪಿಗೆಯಂತೆ ಸೂಜಿಯ ಸಮಯವನ್ನು ಹೊಂದಿಸಬಹುದು.

ಇಷ್ಟಲಿಂಗದ ಪ್ರಶ್ನೆಯೂ ಹೀಗೆಯೇ. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ ಉಪಕರಣ ಬಳಸುವಾಗ ಮೈಮೇಲಿನ ಬೆಳ್ಳಿಯ ಕರಡಿಗೆಯಿಂದ ಸುಟ್ಟ ಗಾಯವಾಗುವ ಸಂಭವವಿದೆ, ಎಂ.ಆರ್.ಐ. ಕೊಠಡಿಯೊಳಗೆ ಇಂಥ ಲೋಹದ ವಸ್ತುಗಳನ್ನು ಒಯ್ಯುವಂತಿಲ್ಲ. ಶಿವದಾರವು ಗಾಯದ ಶುಚಿತ್ವಕ್ಕೆ ತೊಡಕಾಗಬಹುದು. ಆದರೆ ಕೊನೆಯ ಗಳಿಗೆಯಲ್ಲಿ ಕೊರಳಿಗೆ ಕೈಹಾಕಿ, ಬಳೆ ಉಂಗುರಗಳೊಡನೆ ಚೀಲಕ್ಕೆ ಹಾಕುವುದು ಸರಿಯಲ್ಲ. ಮುನ್ನಾದಿನವೇ ಕಾರಣ ತಿಳಿಸಿ, ರೋಗಿಯೇ ತಮ್ಮ ಕೈಯಾರೆ ಮನೆಯ ಲಿಂಗಧಾರಿಯೊಬ್ಬರಿಗೆ ಒಪ್ಪಿಸುವಂತೆ ಮಾಡಿ, ಎಚ್ಚರವಾದ ಬಳಿಕ ವೈದ್ಯರ ಅನುಮತಿ ಪಡೆದು ಮರಳಿ ಧರಿಸಲು ನೆರವಾದರೆ ಆಚಾರವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಮೂರನೆಯದು ಕಠಿಣ. ಹಸುಗೂಸಿಗೆ ತಾಯಿಯ ಮೊದಲ ಹಾಲನ್ನು ತಪ್ಪಿಸಿ ಜೇನು ನೆಕ್ಕಿಸುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಗೆಯ ಹೊಗೆ ಹಾಕುವುದು ಇವೆಲ್ಲ ಹಾನಿಕರ, ಬದಲಾಗಲೇಬೇಕು. ಗದರಿಸಿದರೆ ಮನೆಯ ಅಜ್ಜಿ ದಾದಿಯ ಮುಂದೆ ತಲೆಯಾಡಿಸಿ, ಮನೆಗೆ ಹೋಗಿ ಹಳೆಯದನ್ನೇ ಮಾಡುತ್ತಾಳೆ. ಬಾಣಂತಿಯನ್ನು ಬೆಚ್ಚಗಿಡಬೇಕೆಂಬ ಅವಳ ಕಾಳಜಿಯನ್ನು ಒಪ್ಪಿಕೊಂಡು, ಹೊಗೆಯ ಬದಲು ಹೊದಿಕೆಯನ್ನು ಸೂಚಿಸಿದರೆ ಕೇಳುತ್ತಾಳೆ.

ಈ ವಿವೇಕ ನಮ್ಮವರಿಗಷ್ಟೇ ಮೀಸಲಲ್ಲ. ಕುಷ್ಟಗಿ, ಯಲಬುರ್ಗಾ ಭಾಗದ ತಾಂಡಾಗಳ ಲಂಬಾಣಿ ತಾಯಿ, ಗಂಗಾವತಿ ಕ್ಯಾಂಪುಗಳ ತೆಲುಗು ಮಾತಿನ ರೈತ, ಕೊಪ್ಪಳದ ಆಸ್ಪತ್ರೆಗೆ ಬರುವ ಮುಸ್ಲಿಂ ಸೋದರಿ ಎಲ್ಲರಿಗೂ ಅವರವರ ನಂಬಿಕೆಯ ಗೌರವ ಸಲ್ಲಬೇಕು.

ಭಕ್ತರ ಕರ್ತವ್ಯವೂ ಇದೆ. ಆಸ್ಪತ್ರೆಗೆ ಸೇರುವಾಗಲೇ ನಿಮ್ಮ ನೇಮಗಳನ್ನು ತಿಳಿಸಿರಿ. ಲಿಂಗವನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಒಳಗೆ ಹೋಗಬೇಡಿರಿ. ಮಲಮೂತ್ರ ಬಳಿದು ಗಾಯ ತೊಳೆಯುವ ಆ ಮಗಳ ಜಾತಿಯನ್ನು ಕೇಳಬೇಡಿರಿ. ಅವಳದು ಕಾಯಕ; ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ್ದಾರೆ.

ಇನ್ನು ಹಿರಿಯರ ಆ ಪ್ರಶ್ನೆ. ನಮ್ಮ ತತ್ವವು ಇಷ್ಟಲಿಂಗದೊಡನೆ ಪ್ರಾಣಲಿಂಗ, ಭಾವಲಿಂಗಗಳನ್ನೂ ಹೇಳುತ್ತದೆ. ಕೆಲವು ತಾಸು ಇಷ್ಟಲಿಂಗವು ಮಗನ ಕೈಯಲ್ಲಿದ್ದರೂ ಉಳಿದೆರಡು ನಿಮ್ಮೊಳಗೇ ಇರುತ್ತವೆ. ಗುರುಗಳ ಅಪ್ಪಣೆ ಪಡೆದು, ನಿಶ್ಚಿಂತೆಯಿಂದ ಚಿಕಿತ್ಸೆಗೆ ಹೋಗಿಬನ್ನಿರಿ.

ಶರಣು ಶರಣಾರ್ಥಿ.

ಕಾರ್ಯದರ್ಶಿಗಳು, ಶ್ರೀಮಠ